ಬಕೆಟ್ಟಿನಲ್ಲಿ ಬಂದ ಮದುಮಗ

ತರೀಕೆರೆಯಲ್ಲಿ ಶ್ರೀನಿವಾಸಮೂರ್ತಿಗಳ ಮಾತಿಗೆ ಸಿಕ್ಕಿಕೊಂಡವರಿಗೆ ಬಸ್ಸು ತಪ್ಪುತ್ತಿತ್ತು. ಹಾಲಿನವನು, ಗ್ಯಾಸಿನವನು, ಕರೆಂಟಿನ ಮೀಟರ್ ನೋಡಲು ಬಂದವನು, ಯಾರೂ ಆ ಮನೆಯ ಗೇಟಿನಿಂದ ಸುಮ್ಮನೆ ವಾಪಸು ಹೋದದ್ದಿಲ್ಲ. ಅಂಥ ಮನುಷ್ಯನಿಗೆ ಈ ಸಲದ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ, ಬೆಳಗಿನ ಕಾಫಿ ಲೋಟ ಕೈಯಲ್ಲಿ ಹಿಡಿದಿದ್ದಾಗಲೇ, ಲಕ್ವ ಹೊಡೆಯಿತು. ಬಲಗಾಲು ಬಲಗೈ ಎರಡೂ ಬಿದ್ದವು. ಕಾಲು ನಿಧಾನಕ್ಕೆ ಅಷ್ಟಿಷ್ಟು ಸ್ವಾಧೀನಕ್ಕೆ ಬಂತು, ಕೈ ಬರಲಿಲ್ಲ. ಮಾತಂತೂ ಹೋಗೇಬಿಟ್ಟಿತು. ಅಷ್ಟೊಂದು ಮಾತಿನ ರಾಶಿಯಲ್ಲಿ ದೇವರು ಅವರಿಗೆಂದು ಉಳಿಸಿದ್ದು ಒಂದೇ ಒಂದನ್ನು. ‘ಆಯ್ತು.’

ಊಟ ಬಡಿಸಲಾ ಅಂದರೆ ಆಯ್ತು. ಹೊಟ್ಟೆ ತುಂಬಿತಾ ಅಂದರೂ ಆಯ್ತು. ಬೇಡ ಅನ್ನಬೇಕಾದಾಗಲೂ ಬಾಯಿಂದ ಅದೇ ಹೊರಟು, ತಮ್ಮ ಬಾಯಿಯ ಮೇಲೆ ತಮಗೇ ರೇಗಿ, ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು. ಹೆಂಡತಿ ಲಲಿತಮ್ಮ ಮೊದಮೊದಲು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಆ ತಲೆ, ಆ ಕಣ್ಣು, ಆ ಎಡಗೈ ನೋಡಿ ಬೇಕು ಬೇಡ ತಿಳಿದುಕೊಳ್ಳುವುದನ್ನು ಕಲಿತರು. ಕಲಿಯದೆ ಇನ್ನೇನು ಮಾಡುತ್ತಾರೆ? ಜೊತೆಗಿದ್ದ ಮಗಳು ಶರಣ್ಯಾ ಬೆಳಗಾದರೆ ತನ್ನ ಮೆಡಿಕಲ್ ಶಾಪಿಗೆ ಹೋಗಬೇಕು. ಹಗಲೆಲ್ಲ ಮನೆಯಲ್ಲಿ ಇವರಿಬ್ಬರೇ.

ಶಿವಮೊಗ್ಗದಲ್ಲಿ ಮಾತು ಕಲಿಸುವ ಡಾಕ್ಟರು ಒಂದು ಉಪಾಯ ಹೇಳಿದ್ದರು. ಹಳೇ ಸ್ನೇಹಿತರನ್ನು ಕರೆಸಿ, ಇವರಿಗೆ ಗೊತ್ತಿರುವ ಹಳೇ ಕತೆಗಳನ್ನು ಇವರ ಎದುರಿಗೆ ಹೇಳಿಸಿ, ಕೇಳುತ್ತ ಕೇಳುತ್ತ ಯಾವುದಾದರೂ ಮಾತು ನೆನಪಾಗಿ ಬಾಯಿಗೆ ಬರಬಹುದು. ಬರುತ್ತದೆ ಅನ್ನಲಿಲ್ಲ, ಬರಬಹುದು ಅಂದರು. ಲಲಿತಮ್ಮನಿಗೆ ಅಷ್ಟೇ ಸಾಕಾಯಿತು.

ಸ್ನೇಹಿತರಿಗೇನೂ ಬರವಿರಲಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಮೂರ್ತಿಗಳು ಗಣಿ ಆಫೀಸಿನಲ್ಲಿ ಗುಮಾಸ್ತರು. ಪುಟ್ಟಯ್ಯ ಅದಿರು ಇಳಿಸುವ ರೋಪ್‌ವೇಯಲ್ಲಿ ಕೆಲಸಕ್ಕಿದ್ದವರು. ಬೆಟ್ಟದ ಮೇಲಿನಿಂದ ಕಬ್ಬಿಣದ ಬಕೆಟ್ಟುಗಳು ತಂತಿಯ ಮೇಲೆ ಸಾಲಾಗಿ ತೂಗಿಕೊಂಡು ಕೆಳಗಿಳಿಯುತ್ತಿದ್ದವಲ್ಲ, ಅದನ್ನು ಓಡಿಸುವುದು ನಿಲ್ಲಿಸುವುದು ಅವರ ಕೈಯಲ್ಲಿತ್ತು. ಅವರ ಹೆಂಡತಿ ಉಚ್ಚಂಗಮ್ಮ ಅಲ್ಲೇ ತೋಟಗಾರಿಕೆಯವರ ಹೂವಿನ ಮಡಿಗಳಲ್ಲಿ ದುಡಿದವರು. ಕಮಲಾಕ್ಷಮ್ಮ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದರು, ಶರಣ್ಯಾಳನ್ನು ಈ ಲೋಕಕ್ಕೆ ಇಳಿಸಿಕೊಂಡ ಕೈ ಅವರದೇ. ಗಣಿ ನಿಂತ ಮೇಲೆ ಎಲ್ಲರೂ ಬೆಟ್ಟ ಇಳಿದು ತರೀಕೆರೆಯಲ್ಲೇ ಮನೆ ಮಾಡಿಕೊಂಡಿದ್ದರು. ಗಣಿಯ ಕಾಲದಲ್ಲಿ ಮೂರ್ತಿಗಳ ಮನೆಗೆ ಬಂದರೆ ಪುಟ್ಟಯ್ಯ ಮೆಟ್ಟಿಲಿನಿಂದ ಮೇಲೆ ಹತ್ತುತ್ತಿರಲಿಲ್ಲ, ಹತ್ತಿ ಅಂತ ಇವರೂ ಅನ್ನುತ್ತಿರಲಿಲ್ಲ. ಈಗ ಕಾರಿಲ್ಲದ ಕಾರ್ ಶೆಡ್ಡಿನಲ್ಲಿ, ಫ್ಯಾನಿನ ಕೆಳಗಿನ ಕುರ್ಚಿ ಅವರದು, ಅದರಲ್ಲಿ ಬೇರೆ ಯಾರಾದರೂ ಕೂತರೆ ಅವರು ಮುಖ ಊದಿಸಿಕೊಳ್ಳುತ್ತಾರೆ.

ಹೀಗೆ ಭಾನುವಾರ ಮಧ್ಯಾಹ್ನದ ನಿದ್ದೆ ಮುಗಿಸಿ ಎಲ್ಲರೂ ಸೇರುವುದು ಶುರುವಾಯಿತು. ಉಚ್ಚಂಗಮ್ಮ ಡೇಲಿಯಾ ಗೆಡ್ಡೆಯನ್ನು ಆಲೂಗೆಡ್ಡೆಯೆಂದು ಬೇಯಿಸಿ ಹಾಕಿದ ಹೊಸ ಮೇಸ್ತ್ರಿಯ ಕತೆ ಹೇಳಿದರು. ಕಮಲಾಕ್ಷಮ್ಮ ಹೆಬ್ಬೆ ಜಲಪಾತದ ಕಡೆಯಿಂದ ಕಂಬಳಿಯಲ್ಲಿ ಹೊತ್ತು ತಂದ ಬಸುರಿ ದಾರಿಯಲ್ಲೇ ಹೆತ್ತು, ಆಸ್ಪತ್ರೆಗೆ ಬಂದಾಗ ಹೊತ್ತವರಿಗೆ ಬೈಯುತ್ತಿದ್ದದ್ದನ್ನು ಹೇಳಿದರು. ಮೂರ್ತಿಗಳು ಕಣ್ಣರಳಿಸಿ ಕೇಳುತ್ತಿದ್ದರು, ನಗುವಲ್ಲಿ ಸರಿಯಾಗಿ ನಗುತ್ತಿದ್ದರು, ಕಡೆಗೆ ‘ಆಯ್ತು’ ಅನ್ನುತ್ತಿದ್ದರು.

“ಇದೆಲ್ಲ ಸರಿ,” ಅಂದರು ಕಮಲಾಕ್ಷಮ್ಮ ಒಂದು ಭಾನುವಾರ. “ಮೂರ್ತಿಗಳ ಬಕೆಟ್ ಕತೆ ಆಗ್ಲೇ ಇಲ್ವಲ್ಲ. ಅದನ್ನ ಕೇಳಿದ್ರೆ ಇವ್ರ ಬಾಯಿ ತಾನಾಗೇ ಬಿಟ್ಕೊಳತ್ತೆ. ಲಲಿತಾ, ಬರೋ ವಾರ ನೀನು ಹೇಳ್ಬೇಕು ಕಣೇ. ಐವತ್ತು ವರ್ಷದಿಂದ ಕೇಳಿದೀಯ, ಬಾಯಿಪಾಠ ಆಗಿರತ್ತೆ.”

ಲಲಿತಮ್ಮ ನೋಡೋಣ ಅಂದು, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಬಾಯಿಪಾಠವೇನೋ ಆಗಿತ್ತು. ತೊಂದರೆ ಇದ್ದದ್ದು ಅಲ್ಲಲ್ಲ.

ಆ ಕತೆ ಕೇಳದವರು ತರೀಕೆರೆಯಲ್ಲಿ ಕಡಿಮೆ. ಮದುವೆ ಅಜ್ಜಂಪುರದಲ್ಲಿ, ಹೆಣ್ಣಿನ ಮನೆಯ ಮುಂದಿನ ಚಪ್ಪರದಲ್ಲಿ. ಗಂಡಿನ ಕಡೆಯವರು ಕಡೂರಿನಿಂದ ರೈಲಿನಲ್ಲಿ ಹಿಂದಿನ ದಿನವೇ ಬಂದು ಇಳಿದುಕೊಂಡಿದ್ದಾರೆ. ಮದುಮಗನಿಗೆ ಮಾತ್ರ ಗಣಿಯಲ್ಲಿ ರಜ ಸಿಕ್ಕಿದ್ದು ಕಡೇ ಗಳಿಗೆಗೆ. ಅದೇ ರಾತ್ರಿ ಜ್ಯೇಷ್ಠ ಮಾಸದ ಮಳೆ ಹಿಡಿದು, ಘಾಟಿಯಲ್ಲಿ ಗುಡ್ಡ ಜರಿದು, ರಸ್ತೆ ಬಂದ್. ಆಗ ಪುಟ್ಟಯ್ಯ ಬಂದು, “ಅದಿರು ಹೋಗೋ ದಾರೀಲಿ ಅಳಿಯಂದ್ರೂ ಹೋಗ್ಲಿ ಬನ್ನಿ ಸ್ವಾಮಿ” ಎಂದು ಬಕೆಟ್ಟಿಗೆ ಹತ್ತಿಸಿ, ತಂತಿಯ ಮೇಲೆ ಬಿಟ್ಟೇಬಿಟ್ಟರು. ಕೆಳಗೆ ಕಾಡು, ಮೇಲೆ ಮೋಡ, ನಡುವೆ ಜರತಾರಿ ಪಂಚೆಯ ಗಂಟು ಎದೆಗವಚಿಕೊಂಡ ಮದುಮಗ. ಇಳಿದು, ಸಿಕ್ಕ ಲಾರಿ ಹತ್ತಿ, ಮೈಯೆಲ್ಲ ಕೆಮ್ಮಣ್ಣಾಗಿ ಚಪ್ಪರಕ್ಕೆ ನುಗ್ಗಿದರೆ ಹೆಣ್ಣಿನ ತಾಯಿ ಕಿಟಾರನೆ ಕಿರುಚಿದರು. ಪುರೋಹಿತರು ಅಂತರಪಟ ಹಿಡಿಯುವುದಕ್ಕೂ ಇವರು ಹಸೆಮಣೆ ಹತ್ತುವುದಕ್ಕೂ ಸರಿಹೋಯಿತು! ಇಷ್ಟು ಹೇಳಿ ಮೂರ್ತಿಗಳು ಎರಡೂ ಕೈ ತಟ್ಟುತ್ತಿದ್ದರು, ಕೇಳಿದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಪುಟ್ಟಯ್ಯ ಇದ್ದರೆ ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು.

ಕತೆ ಚೆಂದವೇ. ನಡೆದದ್ದಲ್ಲ, ಅಷ್ಟೆ.

ನಡೆದದ್ದು ಹೀಗೆ. ಮದುಮಗ ಬೆಟ್ಟವನ್ನು ಕಾಲಿನಲ್ಲೇ ಇಳಿದು ಅಜ್ಜಂಪುರ ಮುಟ್ಟುವಷ್ಟರಲ್ಲಿ ಬೆಳಗಿನ ಮುಹೂರ್ತ ಮುಗಿದು, ಮಾಡಿದ್ದ ಅಡಿಗೆ ಹಳಸುವ ಹೊತ್ತಾಗಿತ್ತು. ಮುಹೂರ್ತ ಮೀರುತ್ತಿದ್ದಂತೆ ಚಪ್ಪರದಲ್ಲಿ ಹಿರಿಯರು ಗುಸುಗುಸು ಶುರುಮಾಡಿದರು. ಅರಿಶಿನ ಹಚ್ಚಿಸಿಕೊಂಡು ಹಸೆಮಣೆಗೆ ಕೂತ ಹುಡುಗಿ ತಾಳಿಯಿಲ್ಲದೆ ಎದ್ದು ಹೋಗುವುದೆಂದರೆ ಮನೆತನಕ್ಕೇ ಅಪಶಕುನ. ಸೋದರತ್ತೆಯ ಮಗ ಹೇಗೂ ಅಲ್ಲೇ ಇದ್ದಾನೆ, ಅವನನ್ನೇ ಕೂರಿಸಿ ಮುಗಿಸಿಬಿಡೋಣ ಅಂದರು ದೊಡ್ಡಪ್ಪ. ಅವನಿಗೆ ಪಂಚೆ ತರಲು ಯಾರೋ ಹೋದರು. ಆಗ ತಲೆ ತಗ್ಗಿಸಿ ಕೂತಿದ್ದ ಲಲಿತ ಎಂಬ ಹುಡುಗಿ, ಬಾಸಿಂಗ ಕಟ್ಟಿಕೊಂಡಂತೆಯೇ, ಎರಡೂ ಕಡೆಯ ಬಂಧುಬಳಗದ ಮುಂದೆ ಎದ್ದು ನಿಂತು ಮಾತಾಡಿದಳು.

ಆಮೇಲೆ ಗೋಧೂಳಿ ಲಗ್ನದಲ್ಲಿ ಮದುವೆಯಾಯಿತು, ಮೂರ್ತಿಗಳ ಜೊತೆಗೇ. ಆದರೆ ಹಾಗೆ ಎದ್ದು ನಿಂತ ಸೊಸೆಯನ್ನು ಅತ್ತೆ ಕ್ಷಮಿಸಲಿಲ್ಲ. ಕೆಮ್ಮಣ್ಣುಗುಂಡಿಯ ಕ್ವಾರ್ಟರ್ಸಿಗೆ ಬಂದಿದ್ದಾಗ, ಅರಿಶಿನ ಕುಂಕುಮಕ್ಕೆ ಕರೆದಿದ್ದ ಅಕ್ಕಪಕ್ಕದ ಹೆಂಗಸರ ಮುಂದೆ ತೆಗೆದೇಬಿಟ್ಟರು. “ನಮ್ಮ ಸೊಸೆ ಏನು ಕಮ್ಮಿ ಅಲ್ಲ ಕಣ್ರಮ್ಮಾ. ಹಸೇಮಣೆ ಮೇಲಿಂದ್ಲೇ ಎದ್ದು ಹಿರಿಯರ ಬಾಯಿ ಮುಚ್ಚಿಸಿದೋಳು.” ಲಲಿತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮೂರ್ತಿಗಳು ನಗುತ್ತ ಬಂದರು. “ಅಮ್ಮಾ, ಅದೇನು ಮಹಾ, ನಾನು ಬಕೆಟ್ಟಿನಲ್ಲಿ ಬಂದದ್ದು ಹೇಳ್ತೀನಿ ಇವರಿಗೆ” ಎಂದು ಶುರುಮಾಡಿದರು. ಆ ಕತೆ ಹುಟ್ಟಿದ್ದು ಆ ನಿಮಿಷದಲ್ಲಿ. ಹೆಂಗಸರು ಬಿದ್ದು ಬಿದ್ದು ನಕ್ಕರು, ಅತ್ತೆಯ ಮಾತು ಆ ನಗೆಯಲ್ಲಿ ಕೊಚ್ಚಿಹೋಯಿತು. ಆ ದಿನ ಗಂಡನ ಕಾಲಿಗೆ ಬೀಳಬೇಕೆನ್ನುವಷ್ಟು ಉಪಕಾರವಾಗಿ ಕಂಡಿತ್ತು ಲಲಿತಮ್ಮನಿಗೆ.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ, ಬೀರೂರು ಜಂಕ್ಷನ್ನಿನ ಬೆಂಚಿನ ಮೇಲೆ, ಎಲ್ಲೆಲ್ಲೂ ಅದೇ. ಮದುಮಗ ಹೊತ್ತಿಗೆ ಸರಿಯಾಗಿ ಬಂದಮೇಲೆ ಹುಡುಗಿ ಎದ್ದು ನಿಲ್ಲುವ ಪ್ರಮೇಯವೇ ಇಲ್ಲವಲ್ಲ. ಆ ಕತೆಯಲ್ಲಿ ಲಲಿತಮ್ಮ ಎಲ್ಲೂ ಇರಲಿಲ್ಲ, ಮಣೆಯ ಮೇಲೆ ಬಾಳೆಗಿಡದ ಹಾಗೆ ಕೂತಿರುತ್ತಿದ್ದರು. ಚಪ್ಪರದಲ್ಲಿ ಇದ್ದವರು ಒಬ್ಬೊಬ್ಬರಾಗಿ ಕಾಲವಾದರು. ತಾನು ಬದುಕಿನಲ್ಲಿ ಮಾಡಿದ ಒಂದೇ ಒಂದು ದಿಟ್ಟ ಕೆಲಸಕ್ಕೆ ಸಾಕ್ಷಿಯಾಗಿ ತಾನೊಬ್ಬಳೇ ಉಳಿದೆ ಎಂದು ಈಚೆಗೆ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಇನ್ನೊಂದು. ಎದ್ದು ನಿಂತದ್ದರ ಬಗ್ಗೆ ಗಂಡ ಒಂದು ದಿನವೂ, ಇಬ್ಬರೇ ಇದ್ದಾಗಲೂ, ಒಂದು ಮಾತು ಕೇಳಿರಲಿಲ್ಲ. ಮುಚ್ಚಿಟ್ಟದ್ದು ತನ್ನ ಮೇಲಿನ ಅಕ್ಕರೆಗೋ, ತನ್ನಿಂದಾದ ನಾಚಿಕೆಗೋ? ಇವತ್ತು ಕೇಳೋಣ, ನಾಳೆ ಕೇಳೋಣ ಎಂದು ಮುಂದೂಡಿಕೊಂಡೇ ಬಂದರು. ಕೇಳುವ ಧೈರ್ಯ ಬರುವ ಮೊದಲು ಅವರ ಮಾತೇ ಹೋಯಿತು.

ಈಗ ಕಮಲಾಕ್ಷಮ್ಮ ಆ ಸುಳ್ಳನ್ನು ನಿನ್ನ ಬಾಯಲ್ಲೇ ಹೇಳು ಅನ್ನುತ್ತಿದ್ದಾರೆ.

ವಾರದ ನಡುವೆ ಒಂದು ಮಧ್ಯಾಹ್ನ, ಪಕ್ಕದ ಮನೆಯಾಕೆಯನ್ನು ಮೂರ್ತಿಗಳ ಹತ್ತಿರ ಕೂರಿಸಿ, ಲಲಿತಮ್ಮ ಪುಟ್ಟಯ್ಯನ ಮನೆಗೆ ಹೋದರು. ಉಚ್ಚಂಗಮ್ಮ ಮಗ ಚಂದ್ರಕುಮಾರನ ಬೈಕಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ನಡುಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಕೂತು ಪುಟ್ಟಯ್ಯ ಸೀಳಿದ ಪ್ಲಾಸ್ಟಿಕ್ ಕುರ್ಚಿಗೆ ತಂತಿಯಲ್ಲಿ ಹೊಲಿಗೆ ಹಾಕುತ್ತಿದ್ದರು.

“ಪುಟ್ಟಯ್ಯನವರೇ, ನಮ್ಮ ಮದುವೆ ದಿನ ರೋಪ್‌ವೇ ಓಡ್ತಾ?” ಲಲಿತಮ್ಮ ನೇರವಾಗಿಯೇ ಕೇಳಿದರು.

ಪುಟ್ಟಯ್ಯ ತಂತಿ ತಿರುಚುವುದನ್ನು ನಿಲ್ಲಿಸಿದರು. “ಆ ಮಳೇಲಿ ಓಡ್ಸಕಾಯ್ತದಾ ತಾಯಿ? ನಾನೇ ನಿಲ್ಸಿದ್ದೆ. ಇಬ್ರೂ ಕಾಲ್ದಾರೀಲಿ ಇಳುದ್ವಿ, ಲಿಂಗದಹಳ್ಳಿ ಗಂಟ ನಾನೇ ಜೊತೇಲಿ ಹೋಗಿದ್ದೆ. ಜಿಗಣೆ ಕಚ್ಚಿ ಕಾಲೆಲ್ಲ ರಕ್ತ. ಹೊತ್ತಾಗೋಯ್ತು ಪುಟ್ಟಯ್ಯ, ಹೊತ್ತಾಗೋಯ್ತು ಅಂತ ದಾರಿಯುದ್ದಕ್ಕೂ ಅಳ್ತಿದ್ರು ನಮ್ ಮೂರ್ತಿಗಳು.”

“ಮತ್ತೆ ಇಷ್ಟು ವರ್ಷ ತಲೆ ಆಡಿಸ್ತಾ ಇದ್ರಲ್ಲ?”

“ಏನ್ ಮಾಡ್ಲಿ ಹೇಳಿ. ಅವ್ರು ಹೇಳೋ ವೈನಕ್ಕೆ, ನಾನೇ ಎಲ್ಲೋ ಓಡ್ಸಿದ್ನೇನೋ ಅಂತ ನಂಗೇ ಅನುಮಾನ ಬಂದ್ಬಿಡೋದು.” ಪುಟ್ಟಯ್ಯ ನಕ್ಕರು. ಲಲಿತಮ್ಮನಿಗೂ ನಗು ಬಂತು, ನಗುತ್ತಿದ್ದಂತೆಯೇ ಕಣ್ಣೂ ತುಂಬಿತು. ಚಪ್ಪರದಲ್ಲಿ ನಡೆದದ್ದನ್ನು ಮೊದಲ ಸಲ ಇನ್ನೊಬ್ಬರಿಗೆ ಹೇಳಿದರು. ಎದ್ದು ನಿಂತೆ ಎಂದಷ್ಟೇ ಹೇಳಿದರು, ಆಡಿದ ಮಾತು ಬಾಯಿಗೆ ಬರಲಿಲ್ಲ. ಇವರು ಯಾಕೆ ಮುಚ್ಚಿಟ್ಟರು, ನಿಮ್ಮ ಹತ್ತಿರ ಯಾವತ್ತಾದರೂ ಬಾಯಿ ಬಿಟ್ಟಿದ್ದರಾ ಎಂದು ಕೇಳಿದರು.

“ಅದು ನಂಗೊತ್ತಿಲ್ಲ ಕಣಮ್ಮಾ,” ಅಂದರು ಪುಟ್ಟಯ್ಯ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. “ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ. ಅವ್ರಿಗೆ ಮಾತಿದ್ದಾಗ ನೀವು ಹೇಳಿದ್ರೆ ಜಗಳವಾದ್ರೂ ಆಡೋರು. ಈಗ ನಾಕ್ ಜನದ ಮುಂದೆ ಅವ್ರ ಕತೆ ಸುಳ್ಳು ಅಂದ್ರೆ, ತಿರುಗಿ ಒಂದ್ ಮಾತಾಡಕಾಗಲ್ಲ ಅವ್ರಿಗೆ. ಸುಮ್ನೆ ಕೂತು ಕೇಳ್ಬೇಕು. ಆ ಮನುಷ್ಯಂಗೆ ಅದಕ್ಕಿಂತ ಶಿಕ್ಷೆ ಐತಾ?”

ಇಲ್ಲ ಎಂದು ಲಲಿತಮ್ಮನಿಗೂ ಗೊತ್ತಿತ್ತು. ವಾಪಸು ಬರುವ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡರು. ಈ ವಯಸ್ಸಿನಲ್ಲಿ ನಿನ್ನ ದಿಟ್ಟತನ ಯಾರಿಗೆ ಬೇಕಾಗಿದೆ ಮುದುಕಿ, ಆ ಬಕೆಟ್ಟೇ ಇರಲಿ. ಮನೆಗೆ ಬಂದು ಗಂಡನಿಗೆ ರಾಗಿಮಾಲ್ಟ್ ಕುಡಿಸುತ್ತ, “ಭಾನುವಾರ ನಿಮ್ಮ ಬಕೆಟ್ ಕತೆ ಹೇಳ್ತೀನಿ ಕಣ್ರೀ, ತಪ್ಪಾದ್ರೆ ಕೈ ಎತ್ತಿ” ಅಂದರು. ಮೂರ್ತಿಗಳು ‘ಆಯ್ತು’ ಅನ್ನಲಿಲ್ಲ. ಲೋಟದ ಅಂಚಿನ ಮೇಲಿನಿಂದ ಹೆಂಡತಿಯ ಮುಖವನ್ನೇ ನೋಡುತ್ತ ಕೂತರು.

ಭಾನುವಾರ ಕಮಲಾಕ್ಷಮ್ಮ ಚಕ್ಕುಲಿ ತಂದರು. ಉಚ್ಚಂಗಮ್ಮ ಕಣ್ಣಿಗೆ ಹೊಸ ಕಪ್ಪು ಕನ್ನಡಕ ಹಾಕಿಕೊಂಡು ಬಂದು, “ಎಂಗೆ ಕಾಣ್ತೀನಿ?” ಎಂದು ಎಲ್ಲರನ್ನೂ ಕೇಳಿ ನಗಿಸಿದರು. ಅಂಗಡಿಗೆ ರಜ ಇದ್ದದ್ದರಿಂದ ಶರಣ್ಯಾ ಕೂಡ ಬಾಗಿಲ ಹೊಸ್ತಿಲ ಮೇಲೆ ಕೂತಳು. ಮೂರ್ತಿಗಳನ್ನು ಗೋಡೆಗೆ ಒತ್ತಿ ಹಾಕಿದ ಕುರ್ಚಿಯಲ್ಲಿ ಕೂರಿಸಿದ್ದರು, ಬೆನ್ನಿಗೆ ದಿಂಬು.

ಲಲಿತಮ್ಮ ಶುರುಮಾಡಿದರು. ಗಂಡನ ಹಾಗೆ ಹೇಳಲು ಬರುವುದಿಲ್ಲ ಎಂದು ಹೆದರಿದ್ದರು, ಆದರೆ ಬಾಯಿ ತಾನಾಗಿ ನಡೆಯಿತು. ಮಳೆ ಬಂತು, ಗುಡ್ಡ ಜರಿಯಿತು, ಪುಟ್ಟಯ್ಯ ಬಂದರು. ಅದಿರು ಹೋಗೋ ದಾರೀಲಿ ಅಳಿಯಂದ್ರೂ ಹೋಗ್ಲಿ ಅನ್ನುವಾಗ ಉಚ್ಚಂಗಮ್ಮ ಗಂಡನ ತೊಡೆಗೆ ತಟ್ಟಿದರು. ಪುಟ್ಟಯ್ಯ ನೆಲ ನೋಡುತ್ತ ಹೌದು ಹೌದು ಎಂದು ತಲೆ ಆಡಿಸಿದರು. ಬಕೆಟ್ಟು ಇಳಿಯಿತು, ಲಾರಿ ಸಿಕ್ಕಿತು, ಹೆಣ್ಣಿನ ತಾಯಿ ಕಿರುಚಿದರು.

“ಪುರೋಹಿತರು ಅಂತರಪಟ ಹಿಡಿಯೋದಕ್ಕೂ, ಇವರು...”

ಟಪ್ ಎಂದು ಸದ್ದಾಯಿತು. ಮೂರ್ತಿಗಳು ಎಡಗೈಯಲ್ಲಿ ಕುರ್ಚಿಯ ಕೈ ಹಿಡಿಗೆ ಹೊಡೆದಿದ್ದರು. “ಆಯ್ತು! ಆಯ್ತು!”

“ನೋಡಿದ್ರಾ, ಖುಷಿಯಾಯ್ತು ಅವ್ರಿಗೆ,” ಅಂದರು ಕಮಲಾಕ್ಷಮ್ಮ.

ಖುಷಿಯಲ್ಲ. ಇಷ್ಟು ತಿಂಗಳಿನಿಂದ ಆ ಮುಖವನ್ನೇ ಓದುತ್ತಿದ್ದ ಲಲಿತಮ್ಮನಿಗೆ ಅದು ಗೊತ್ತಾಯಿತು. ಮೂರ್ತಿಗಳು ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು. ಎಡಗೈ ಚಾಚಿ ಹೆಂಡತಿಯ ಕಡೆ ಬೆರಳು ತೋರಿಸಿದರು. ಆಮೇಲೆ ಅಂಗೈ ಮೇಲು ಮಾಡಿ ಎತ್ತಿದರು. ಮತ್ತೆ ತೋರಿಸಿದರು, ಮತ್ತೆ ಎತ್ತಿದರು.

“ನೀರು ಬೇಕೇನಪ್ಪಾ?” ಅಂದಳು ಶರಣ್ಯಾ. ಎತ್ತಿ ಕೂರಿಸಬೇಕೇನೋ ಎಂದು ಪುಟ್ಟಯ್ಯ ಕಂಕುಳಿಗೆ ಕೈ ಹಾಕಲು ಹೋದರೆ ಮೂರ್ತಿಗಳು ಆ ಕೈಯನ್ನು ತಳ್ಳಿಬಿಟ್ಟರು. ಹಣೆಯಲ್ಲಿ ಬೆವರು ಬಂದಿತ್ತು. ಹೆಂಡತಿಯ ಕಡೆ ಬೆರಳು. ಅಂಗೈ ಮೇಲಕ್ಕೆ.

ಏಳು. ಎದ್ದು ನಿಲ್ಲು.

ಲಲಿತಮ್ಮ ಸರಿಯಾಗಿ ತಿಳಿದುಕೊಂಡೆನೋ ತಪ್ಪಾಗಿ ತಿಳಿದುಕೊಂಡೆನೋ ಎಂದು ಹೆದರುತ್ತಲೇ, ಮಂಡಿ ಹಿಡಿದುಕೊಂಡು ಎದ್ದರು. ಎದ್ದ ತಕ್ಷಣ ಮೂರ್ತಿಗಳ ಕೈ ಮಡಿಲಿಗೆ ಬಿತ್ತು. ಅವರು ದಿಂಬಿಗೆ ಒರಗಿ, ಉಸಿರು ಬಿಟ್ಟು, ಕತೆ ಕೇಳುವವರ ಹಾಗೆ ಕೂತರು. ಲಲಿತಮ್ಮ ಒಂದು ಸಲ ಪುಟ್ಟಯ್ಯನ ಮುಖ ನೋಡಿದರು. ಪುಟ್ಟಯ್ಯ ಮೆಲ್ಲಗೆ, “ಹೇಳಿ ತಾಯಿ” ಅಂದರು.

“ಇವರು ಹೊತ್ತಿಗೆ ಸರಿಯಾಗಿ ಬರ್ಲಿಲ್ಲ,” ಅಂದರು ಲಲಿತಮ್ಮ. “ಮುಹೂರ್ತ ಮೀರಿಹೋಯ್ತು. ನಮ್ಮ ಸೋದರತ್ತೆ ಮಗನಿಗೆ ಪಂಚೆ ಉಡಿಸ್ತಾ ಇದ್ರು, ಅವನನ್ನೇ ನನ್ನ ಪಕ್ಕ ಕೂರ್ಸಕ್ಕೆ. ಅವನು ಒಳ್ಳೇ ಹುಡುಗಾನೇ, ಪಾಪ, ಅವನ ಕಾಲೂ ನಡುಗ್ತಿತ್ತು. ನಾನು ಎದ್ದು ನಿಂತೆ. ಎಲ್ಲರೂ ಇದ್ರು. ಅಪ್ಪ, ದೊಡ್ಡಪ್ಪ, ಕಡೂರಿನ ಬೀಗರು, ಎಲ್ಲರೂ. ‘ನಾನು ಒಪ್ಪಿದ್ದು ಅವರನ್ನ. ಕಾಯ್ತೀನಿ. ಅವರು ಬರದೇ ಹೋದ್ರೆ ಹೀಗೇ ಇದ್ಬಿಡ್ತೀನಿ, ಇನ್ನೊಬ್ಬರನ್ನ ಕೂರಿಸಿದ್ರೆ ಈ ಬಾಸಿಂಗ ಕಿತ್ತು ಹಾಕ್ತೀನಿ’ ಅಂದೆ. ದೊಡ್ಡಪ್ಪ ಹೊಡೆಯಕ್ಕೆ ಕೈ ಎತ್ತಿದ್ರು. ಅಪ್ಪ ಅಡ್ಡ ಬಂದ್ರು. ಆಮೇಲೆ ನಾನು ಕೂರ್ಲಿಲ್ಲ. ಕೂತ್ರೆ ಎಲ್ಲಿ ಅವನನ್ನ ತಂದು ಕೂರಿಸ್ತಾರೋ ಅಂತ, ಇವರು ಬರೋವರೆಗೂ ಆ ಮಣೆ ಮೇಲೆ ನಿಂತೇ ಇದ್ದೆ.”

ಶರಣ್ಯಾಳ ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ಇತ್ತು. “ಅಮ್ಮಾ, ನೀನಾ?”

“ಅಯ್ಯೋ ನನ್ನ ತಾಯೇ,” ಅಂದರು ಉಚ್ಚಂಗಮ್ಮ ಕಪ್ಪು ಕನ್ನಡಕ ತೆಗೆದು. “ಇಷ್ಟ್ ವರ್ಸ ಇದನ್ನ ಎಲ್ಲಿ ಮಡಿಕ್ಕಂಡಿದ್ರಿ? ಅದ್ಸರಿ, ಒಂದ್ ಮಾತು ಕೇಳ್ತೀನಿ. ಆಗಿನ್ ಕಾಲ್ದಾಗೆ ಹುಡುಗನ ಮೊಖನೂ ಸರಿಯಾಗ್ ನೋಡಿರಲ್ಲ. ಅಂಥ ಗಂಡಸಿಗೋಸ್ಕರ ಯಾಕಂಗ್ ನಿಂತ್ರಿ?”

ಇದನ್ನು ಯಾರೂ ಕೇಳಿರಲಿಲ್ಲ. ಲಲಿತಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು.

“ಹುಡುಗಿ ನೋಡಕ್ಕೆ ಬಂದಿದ್ದಾಗ ಎಲ್ಲರೂ ನನ್ನ ಕೇಳೋರೇ. ಹಾಡು ಬರತ್ತಾ, ಕಸೂತಿ ಬರತ್ತಾ, ಎಷ್ಟು ಓದಿದೀಯ, ಸ್ವಲ್ಪ ನಡೆದು ತೋರ್ಸು. ಇವರೊಬ್ಬರೇ, ‘ನನ್ನ ಹತ್ರ ನೀವು ಏನಾದ್ರೂ ಕೇಳೋದಿದೆಯಾ’ ಅಂದ್ರು. ಅಲ್ಲೀವರೆಗೆ ನನಗೆ ಬಾಯಿದೆ ಅಂತ ಯಾರೂ ಅಂದ್ಕೊಂಡೇ ಇರ್ಲಿಲ್ಲ. ನಾನೂ ಅಂದ್ಕೊಂಡಿರ್ಲಿಲ್ಲ.”

“ನೀನು ಏನು ಕೇಳಿದೆ?” ಕಮಲಾಕ್ಷಮ್ಮನ ಜೋರು ಬಾಯಿಯೂ ಮೆತ್ತಗಾಗಿತ್ತು.

“ಏನೂ ಕೇಳ್ಲಿಲ್ಲ. ನಾಚಿಕೆಯಾಗಿ ಒಳಗೆ ಓಡಿಹೋದೆ.” ಲಲಿತಮ್ಮ ಗಂಡನ ಕಡೆ ತಿರುಗಿದರು. ಅವರ ಕಣ್ಣಿನಿಂದ ನೀರು ಇಳಿದು ಗಲ್ಲದ ಬಿಳಿ ಗಡ್ಡದಲ್ಲಿ ನಿಂತಿತ್ತು. ಇಷ್ಟನ್ನು ಅವರೂ ಇವತ್ತೇ ಕೇಳುತ್ತಿದ್ದರು. ಇನ್ನು ಮುಂದೂಡಲು ಲಲಿತಮ್ಮನ ಹತ್ತಿರ ದಿನಗಳಿರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. “ಈಗ ಕೇಳ್ತೀನಿ ಕಣ್ರೀ. ಅವತ್ತು ನಾನು ಹಾಗೆ ಎದ್ದು ನಿಂತದ್ದು ನಿಮಗೆ ಅವಮಾನ ಅನ್ನಿಸಿತ್ತಾ?”

ಮೂರ್ತಿಗಳ ತುಟಿ ಅಲುಗಿತು. ಇರುವ ಒಂದು ಮಾತೂ ಬರಲಿಲ್ಲ, ಬರದಂತೆ ಅವರೇ ತುಟಿ ಕಚ್ಚಿ ಹಿಡಿದಂತಿತ್ತು. ಇಲ್ಲ ಇಲ್ಲ ಎಂದು ನಿಧಾನಕ್ಕೆ ತಲೆ ಆಡಿಸಿದರು. ಆಮೇಲೆ ಬಲಗೈ ಎತ್ತಲು ನೋಡಿದರು, ಅದು ಮಡಿಲು ಬಿಟ್ಟು ಏಳಲಿಲ್ಲ. ಎಡಗೈ ಒಂದೇ ಎದೆಯವರೆಗೆ ಬಂತು. ಬೆರಳು ನೆಟ್ಟಗೆ ಜೋಡಿಸಿ, ಇನ್ನೊಂದು ಕೈ ಇದ್ದೇ ಇದೆಯೆನ್ನುವ ಹಾಗೆ, ಹೆಂಡತಿಯ ಮುಂದೆ ತಲೆ ಬಾಗಿಸಿದರು.

ಗಂಡ ಕೈ ಮುಗಿದರೆ ಹೆಂಡತಿಯ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿ ಬೆಳೆದ ಹೆಂಗಸು ಲಲಿತಮ್ಮ. ಬೇರೆ ದಿನವಾಗಿದ್ದರೆ ಅಯ್ಯೋ ಬಿಡ್ತು ಅನ್ನಿ ಎಂದು ಓಡಿಹೋಗಿ ಆ ಕೈ ಹಿಡಿದು ಕೆಳಗಿಳಿಸುತ್ತಿದ್ದರು. ಅವತ್ತು ಇಳಿಸಲಿಲ್ಲ. ನಿಂತುಕೊಂಡೇ ಆ ನಮಸ್ಕಾರ ತೆಗೆದುಕೊಂಡರು.